ಅದೇ ಹುಳು ತಾನೇ? ನಲಿಕಲಿ ಕೋಣೆಯಲ್ಲಿ ಚಿಟ್ಟೆ, ರೇಷ್ಮೆ ಪತಂಗ ಸಾಕಿದ ಐವತ್ತು ದಿನ

ಕೊನೆಯ ಪತಂಗ ಸತ್ತು ಇವತ್ತಿಗೆ ಒಂದು ವಾರ. ತಟ್ಟೆ ತೊಳೆದು ಬಿಸಿಲಿಗಿಟ್ಟು, ಜಾಡಿಗಳನ್ನು ಬೀರುವಿನ ಮೇಲೆ ಎತ್ತಿಟ್ಟಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇವೆ. ರಾಮನಗರದ ಕಡೆಯ ಒಂದು ಸರ್ಕಾರಿ ಶಾಲೆಯ ನಲಿಕಲಿ ಮಕ್ಕಳು, ಪಕ್ಕದ ಅಂಗನವಾಡಿಯ ಮಕ್ಕಳು ಸೇರಿ ಒಟ್ಟು 27 ಜನ. ನಾಲ್ಕರಿಂದ ಎಂಟು ವರ್ಷದವರು. ಮೊದಲು ನಿಂಬೆ ಚಿಟ್ಟೆ, ಆಮೇಲೆ ರೇಷ್ಮೆ ಹುಳು. ಎರಡನ್ನೂ ಸಾಕಲು ಕಾರಣ ಗೋಡೆಯ ಮೇಲಿದ್ದ ಒಂದು ಪಟ.

ಆ ಪಟ ಎಲ್ಲ ಶಾಲೆಗಳಲ್ಲೂ ಇರುವಂಥದ್ದೇ. ಮೊಟ್ಟೆ, ಹುಳು, ಕೋಶ, ಚಿಟ್ಟೆ. ನಡುವೆ ನಾಲ್ಕು ಬಾಣ, ಗುಂಡಗೆ. ಜೂನ್ ಮೊದಲ ವಾರ ಪಟ ತೋರಿಸಿ "ಇಲ್ಲಿ ಏನಾಗ್ತಿದೆ ಹೇಳಿ" ಅಂದಾಗ ಮಕ್ಕಳು ಬಾಣ ಹಿಡಿದು ಸರಿಯಾಗಿಯೇ ಓದಿದರು: ಮೊಟ್ಟೆ ಹುಳು ಆಗ್ತದೆ, ಹುಳು ಕೋಶ ಆಗ್ತದೆ, ಕೋಶ ಚಿಟ್ಟೆ ಆಗ್ತದೆ, ಚಿಟ್ಟೆ ಮೊಟ್ಟೆ ಆಗ್ತದೆ. ಕೊನೆಯದು ತಪ್ಪು. ಆದರೆ ಪಟದ ಪ್ರಕಾರ ಅದೇ ಸರಿ, ಏಕೆಂದರೆ ನಾಲ್ಕೂ ಬಾಣ ಒಂದೇ ಥರ ಇವೆ. ಆರು ವರ್ಷದ ಮಗುವಿಗೆ ನಾಲ್ಕು ಹಂತಗಳ ಹೆಸರು ಬಾಯಿಪಾಠ ಬರುವುದು ಸುಲಭ. ಮೊದಲ ಮೂರು ಬದಲಾವಣೆಯಲ್ಲಿ ಇರುವುದು ಒಂದೇ ಜೀವ, ನಾಲ್ಕನೆಯದರಲ್ಲಿ ಮಾತ್ರ ಹೊಸ ಜೀವ ಹುಟ್ಟುತ್ತದೆ ಅನ್ನುವುದನ್ನು ಕಣ್ಣಾರೆ ಕಾಣದೆ ಒಪ್ಪುವುದು ಕಷ್ಟ. ಚಿಟ್ಟೆಯನ್ನು ನಾವು ಹಾರಿಬಿಡುತ್ತೇವೆ, ಹಾಗಾಗಿ ಅದು ಮೊಟ್ಟೆ ಇಡುವುದನ್ನು ಮಕ್ಕಳು ನೋಡುವುದಿಲ್ಲ. ರೇಷ್ಮೆ ಪತಂಗ ಹಾರುವುದಿಲ್ಲ, ಕಣ್ಣ ಮುಂದೆಯೇ ಮೊಟ್ಟೆ ಇಟ್ಟು ಸಾಯುತ್ತದೆ. ಅದಕ್ಕೇ ಎರಡೂ ಬೇಕು.

ಮುಖ್ಯ ಶಿಕ್ಷಕರ ಒಪ್ಪಿಗೆ ಒಂದೇ ಮಾತಿಗೆ ಸಿಕ್ಕಿತು. ಪೋಷಕರ ಚೀಟಿಗಳು ವಾಪಸ್ ಬರಲು ಒಂಬತ್ತು ದಿನ ಹಿಡಿಯಿತು. ಚೀಟಿಯಲ್ಲಿ ನಾಲ್ಕೇ ಸಾಲು ಇದ್ದವು: ಯಾವ ಹುಳು, ಅದಕ್ಕೆ ಕೂದಲಿಲ್ಲ, ಮುಟ್ಟಿದರೆ ತುರಿಕೆ ಬರುವುದಿಲ್ಲ, ಮಗುವಿಗೆ ಉಬ್ಬಸವೋ ಚರ್ಮದ ಅಲರ್ಜಿಯೋ ಇದ್ದರೆ ತಿಳಿಸಿ. ಆದರೂ ಮೂವರು ತಾಯಂದಿರು ಬಂದು "ಕಂಬಳಿಹುಳು ಅಂತಲ್ಲ ಮಿಸ್, ಮೈಯೆಲ್ಲ ದದ್ದು ಬರಲ್ವಾ?" ಅಂತ ಕೇಳಿದರು. ನಮ್ಮಲ್ಲಿ ಎಲೆ ತಿನ್ನುವ ಹುಳುವೆಲ್ಲ ಕಂಬಳಿಹುಳುವೇ. ಕೂದಲಿರುವ ನಿಜವಾದ ಕಂಬಳಿಹುಳು ಬೇರೆ, ನುಣ್ಣನೆಯ ನಿಂಬೆ ಹುಳು ಬೇರೆ ಎಂದು ಪೋಷಕರಿಗೂ ಮಕ್ಕಳಿಗೂ ಮೊದಲೇ ತೋರಿಸಿಬಿಡಿ. ನಮ್ಮ ಕೋಣೆಯ ನಿಯಮ: ಕೂದಲಿರುವ ಹುಳು ಕಂಡರೆ ಎರಡೂ ಕೈ ಬೆನ್ನ ಹಿಂದೆ. ಪುಟ್ಟ ಮಕ್ಕಳು ಇದನ್ನು ಆಟದ ಹಾಗೆ ಕಲಿತರು.

ಗಿಡದ ವಿಷಯದಲ್ಲಿ ಒಂದು ಎಚ್ಚರಿಕೆ. ರಸ್ತೆ ಬದಿಯ ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಸಲೀಸಾಗಿ ಸಿಗುತ್ತದೆ, ನೋಡಲು ಪಟ್ಟೆಪಟ್ಟೆಯಾಗಿ ಬಹಳ ಚೆಂದ. ಆದರೆ ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಈ ವಯಸ್ಸಿನ ಮಕ್ಕಳಿರುವ ಕಡೆ ಅದು ಬೇಡ. ಕರಿಬೇವು, ನಿಂಬೆ ಸಾಕು. ನರ್ಸರಿಯಿಂದ ನಿಂಬೆ ಸಸಿ ಎರಡು 80 ರೂಪಾಯಿ, ಕರಿಬೇವು ಒಂದು 30, ಊಟ ಮುಚ್ಚುವ ಮಡಚುವ ಬಲೆ ಎರಡು 240, ಭೂತಗನ್ನಡಿ ಎರಡು 120, ಹತ್ತಿ, ಟಿಶ್ಯೂ, ಬಣ್ಣದ ಸಣ್ಣ ಕುಂಚ ಎಲ್ಲ ಸೇರಿ 70. ಒಟ್ಟು 540 ರೂಪಾಯಿ. ಜಾಡಿಗಳು ಮನೆಯಿಂದ ಬಂದವು. ಸಸಿ ತಂದ ಕೂಡಲೇ ಹುಳು ಬಿಡಬೇಡಿ. ನರ್ಸರಿಯಲ್ಲಿ ಔಷಧಿ ಹೊಡೆದಿರುತ್ತಾರೆ. ಹಳೆಯ ಎಲೆ ಬಿಟ್ಟು, ನಿಮ್ಮಲ್ಲಿ ಬಂದ ಮೇಲೆ ಒಡೆದ ಚಿಗುರನ್ನಷ್ಟೇ ನಂಬಿ.

ಮಳೆ ಬಿದ್ದು ಕರಿಬೇವು ಚಿಗುರಿದ ಮೇಲೆ ಮೊಟ್ಟೆ ಹುಡುಕಲು ಕಷ್ಟವಿಲ್ಲ. ಬೆಳಗ್ಗೆ ಹತ್ತು, ಹನ್ನೊಂದರ ಬಿಸಿಲಲ್ಲಿ ಚಿಟ್ಟೆಯೊಂದು ಗಿಡದ ಸುತ್ತ ನಿಲ್ಲದೆ ಪಟಪಟಿಸುತ್ತಾ, ಚಿಗುರಿಗೆ ಹೊಟ್ಟೆ ಬಾಗಿಸಿ ತಾಗಿಸಿ ಮತ್ತೆ ಹಾರುತ್ತಿದ್ದರೆ ಅದು ಮೊಟ್ಟೆ ಇಡುತ್ತಿದೆ ಎಂದೇ ಲೆಕ್ಕ. ಹೋದ ಮೇಲೆ ನೋಡಿ. ಎಳೆ ಎಲೆಯ ಮೇಲೆ ಒಂಟೊಂಟಿಯಾಗಿ, ರಾಗಿ ಕಾಳಿಗಿಂತ ತುಸು ಚಿಕ್ಕದಾದ ತಿಳಿ ಹಳದಿ ಮುತ್ತು ಇರುತ್ತದೆ. ಮೊಟ್ಟೆಯನ್ನು ಉಗುರಿನಿಂದ ಎಬ್ಬಿಸಬೇಡಿ. ಎಲೆಯ ಸಮೇತ ಕಡ್ಡಿ ಕತ್ತರಿಸಿ. ನಮಗೆ ಒಂದು ಸೋಮವಾರ 11 ಮೊಟ್ಟೆ ಸಿಕ್ಕವು. ಅದನ್ನೇ ಮೊದಲ ದಿನ ಎಂದು ಬರೆದುಕೊಂಡೆವು.

ಕಡ್ಡಿಯನ್ನು ನೀರಿರುವ ಪುಟ್ಟ ಔಷಧಿ ಶೀಶೆಯಲ್ಲಿ ನಿಲ್ಲಿಸಿ ಬಾಯಿಗೆ ಹತ್ತಿ ಗಿಡಿಯಬೇಕು. ಇಲ್ಲವಾದರೆ ಹುಳು ಕಡ್ಡಿಯಗುಂಟ ಇಳಿದು ನೀರಿನಲ್ಲಿ ಮುಳುಗುತ್ತದೆ. ಶೀಶೆಯನ್ನು ಜಾಡಿಯಲ್ಲಿಟ್ಟು, ಮುಚ್ಚಳದ ಬದಲು ತೆಳು ಬಟ್ಟೆ, ಅದಕ್ಕೆ ರಬ್ಬರ್ ಬ್ಯಾಂಡ್. ಬಿಗಿ ಮುಚ್ಚಳ ಹಾಕಿದರೆ ಒಳಗೆ ಬೆವರಿ ಹಿಕ್ಕೆಗೆ ಬೂಸ್ಟು ಬರುತ್ತದೆ, ಹುಳು ಸಾಯುತ್ತದೆ. ಒಂದು ಜಾಡಿಗೆ ಒಂದೇ ಹುಳು. ಇದನ್ನು ಜಾಗದ ಅನುಕೂಲಕ್ಕೆ ಬದಲಾಯಿಸಬೇಡಿ; ಕಾರಣ ಮುಂದೆ ಬರುತ್ತದೆ.

ನಾಲ್ಕನೆಯ ದಿನ ಒಂಬತ್ತು ಮೊಟ್ಟೆ ಒಡೆದವು, ಎರಡು ಹಾಗೇ ಒಣಗಿದವು. ಒಡೆಯುವ ಮುಂಚೆ ಮೊಟ್ಟೆ ಕಪ್ಪಗಾಗುತ್ತದೆ. ಹೊರಬಂದ ಹುಳುವಿನ ಮೊದಲ ಊಟ ಅದರದೇ ಮೊಟ್ಟೆ ಸಿಪ್ಪೆ. ಭೂತಗನ್ನಡಿಯಲ್ಲಿ ಇದನ್ನು ನೋಡಿದ ಮಕ್ಕಳು ಮಧ್ಯಾಹ್ನದ ಊಟದ ಸಾಲಿನಲ್ಲೂ ಅದನ್ನೇ ಮಾತಾಡಿದರು. ಮರಿಯನ್ನು ಬೆರಳಿನಿಂದ ಎತ್ತಬಾರದು, ಕುಂಚದ ತುದಿಗೆ ಅದೇ ಹತ್ತಿಕೊಳ್ಳುತ್ತದೆ. ಕಂದು ಮೈಮೇಲೆ ಬಿಳಿ ಮಚ್ಚೆ. ನೋಡಿದರೆ ಹಕ್ಕಿ ಹಿಕ್ಕೆಯ ಹಾಗೆ. ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನುತ್ತದೆಯೇ ಎಂದು ಕೇಳಿದರೆ ಸಾಕು, ಈ ವೇಷದ ಅರ್ಥ ಮಕ್ಕಳೇ ಹೇಳುತ್ತಾರೆ.

ಮೊದಲ ಭಾನುವಾರವೇ ಪೆಟ್ಟು ಬಿತ್ತು. ಹುಳುಗಳನ್ನು ಮನೆಗೆ ಒಯ್ದಿದ್ದೆವು, ಕಡ್ಡಿ ಬಾಡಿತ್ತು. ಸಂತೆಯಿಂದ ತಂದ ಕರಿಬೇವನ್ನು ಎರಡು ಸಲ ತೊಳೆದು, ಒರೆಸಿ ಮೂರು ಜಾಡಿಗೆ ಹಾಕಿದೆವು. ಸಂಜೆಗೆ ಮೂರೂ ಹುಳು ಮೆತ್ತಗಾಗಿ, ಬಾಯಿಂದ ಹಸಿರು ನೀರು ಕಾರಿ ಸತ್ತವು. ಮಾರಾಟಕ್ಕೆ ಬೆಳೆಯುವ ಕರಿಬೇವಿಗೆ ಹೊಡೆಯುವ ಕೆಲವು ಔಷಧಿ ಎಲೆಯ ಒಳಗೇ ಇಳಿದಿರುತ್ತದೆ, ತೊಳೆದರೆ ಹೋಗುವುದಿಲ್ಲ. ಶನಿವಾರವೇ ನಿಮ್ಮ ಗಿಡದ ಎಲೆ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಎರಡು ದಿನ ಬಾಡದು. ಜೊತೆಗೆ, ಯಾವ ಗಿಡದ ಮೇಲೆ ಹುಟ್ಟಿತೋ ಅದೇ ಎಲೆ ಕೊಡಿ. ನಿಂಬೆ ತಿಂದು ಬೆಳೆದ ಹುಳು ನಡುವೆ ಕರಿಬೇವು ಕೊಟ್ಟರೆ ಮುಖ ತಿರುಗಿಸಬಹುದು.

ಸತ್ತಿದ್ದನ್ನು ಮಕ್ಕಳಿಂದ ಮುಚ್ಚಿಡಲಿಲ್ಲ. ಸೋಮವಾರ ಮೂರು ಖಾಲಿ ಜಾಡಿ ತೋರಿಸಿ, ಏನು ಎಲೆ ಹಾಕಿದೆವು, ಏನಾಯಿತು ಎಂದು ಹಾಗೇ ಹೇಳಿದೆವು. "ನಿದ್ದೆ ಹೋಯಿತು" ಎಂದು ಮಾತ್ರ ಯಾರೂ ಹೇಳಬೇಡಿ. ಮುಂದೆ ಕೋಶ ಅಲುಗಾಡದೆ ಕೂತಾಗ ದೊಡ್ಡವರು ಅದಕ್ಕೂ "ನಿದ್ದೆ ಮಾಡ್ತಿದೆ" ಅನ್ನುತ್ತಾರೆ. ಆಗ ಮಗುವಿಗೆ ಸತ್ತಿದ್ದಕ್ಕೂ ಕೋಶಕ್ಕೂ ವ್ಯತ್ಯಾಸ ತಿಳಿಯದೆ ಹೋಗುತ್ತದೆ.

ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸುಮಾರು ಒಂದು ದಿನ ತಿನ್ನದೆ, ಅಲ್ಲಾಡದೆ ಕೂರುತ್ತದೆ. ರೇಷ್ಮೆ ಬೆಳೆಯುವವರು ಇದಕ್ಕೆ "ಜ್ವರಕ್ಕೆ ಕೂತಿದೆ" ಅನ್ನುತ್ತಾರೆ, ಮುಗಿದ ಮೇಲೆ "ಜ್ವರ ಎದ್ದಿದೆ" ಅನ್ನುತ್ತಾರೆ. ನಮ್ಮ ಮಕ್ಕಳಿಗೆ ಮನೆಯಲ್ಲೇ ಕೇಳಿ ಗೊತ್ತಿದ್ದ ಮಾತು, ಹಾಗಾಗಿ ಚಿಟ್ಟೆ ಹುಳುವಿಗೂ ಅದನ್ನೇ ಬಳಸಿದೆವು. ಜ್ವರಕ್ಕೆ ಕೂತ ಹುಳುವನ್ನು ಹಳೆಯ ಎಲೆಯಿಂದ ಕೀಳಬಾರದು. ಅದು ಕಾಲಡಿ ನೂಲಿನ ಹಾಸು ಹಾಕಿ ಹಿಡಿದುಕೊಂಡಿರುತ್ತದೆ, ಆ ಹಿಡಿತವಿಲ್ಲದೆ ಪೊರೆಯಿಂದ ಹೊರಬರಲಾಗದು.

ನಾಲ್ಕನೆಯ ಜ್ವರ ಎದ್ದ ಬೆಳಗ್ಗೆ ನಮಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎದುರಾಯಿತು. ಹಿಂದಿನ ದಿನ ಕಂದು ಬಿಳಿ ಇದ್ದ ಹುಳು ಈಗ ಪೂರ್ತಿ ಎಲೆ ಹಸಿರು. ಒಂದನೇ ತರಗತಿಯ ಹುಡುಗಿಯೊಬ್ಬಳು ಜಾಡಿ ನೋಡಿ ಕಣ್ಣು ತುಂಬಿಕೊಂಡು, "ಇದು ನಮ್ಮ ಹುಳು ಅಲ್ಲ ಮಿಸ್. ರಾತ್ರಿ ನೀವು ಬೇರೆ ಹಾಕಿದ್ದೀರ" ಅಂದಳು. ಉಳಿದವರೂ ತಲೆಯಾಡಿಸಿದರು. ಜಾಡಿಯ ತಳದಲ್ಲಿ ಕಳಚಿಬಿದ್ದ ತಲೆಯ ಚಿಪ್ಪು ಸಿಕ್ಕಿತು, ಗಸಗಸೆಗಿಂತ ದೊಡ್ಡದು, ಕಂದು, ಹೊಳೆಯುವ ಟೊಪ್ಪಿಗೆಯಂತೆ. ಪೊರೆಯನ್ನು ಹುಳುವೇ ಬಹುಪಾಲು ತಿಂದುಬಿಟ್ಟಿತ್ತು. ಚಿಪ್ಪು ತೋರಿಸಿದರೂ ಅವಳು ಒಪ್ಪಲಿಲ್ಲ. ಅವಳ ಅನುಮಾನ ನ್ಯಾಯವಾದದ್ದೇ.

ಆವತ್ತಿನಿಂದ ಪ್ರತಿ ಜಾಡಿಗೂ ಸೀಲು ಹಾಕಿದೆವು. ಶಾಲೆ ಬಿಡುವಾಗ ಜಾಡಿಯ ಬಟ್ಟೆಯಿಂದ ಗಾಜಿನವರೆಗೆ ಕಾಗದದ ಪಟ್ಟಿ ಅಂಟಿಸಿ, ಪಟ್ಟಿಯ ಮೇಲೆ ಮಕ್ಕಳೇ ತಮ್ಮ ಗುರುತು ಬರೆಯುವುದು: ಹೆಬ್ಬೆರಳ ಗುರುತು, ಹೂವು, ಹೆಸರಿನ ಮೊದಲ ಅಕ್ಷರ. ಬೆಳಗ್ಗೆ ಬಂದು ಸೀಲು ಹರಿದಿಲ್ಲವೆಂದು ನೋಡಿ ಅವರೇ ತೆಗೆಯುವುದು. ಜೊತೆಗೆ ಜಾಡಿಗೊಂದು ಉದ್ದನೆಯ ಕಾಗದ, ದಿನಕ್ಕೊಂದು ಚಿತ್ರ, ತಾರೀಖು. ಒಂದು ಜಾಡಿಗೆ ಒಂದೇ ಹುಳು ಎಂದದ್ದು ಇದಕ್ಕೇ. ಮೂರು ಹುಳು ಒಟ್ಟಿಗಿದ್ದರೆ ಯಾವುದು ಏನಾಯಿತು ಎಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಹುಳುವನ್ನು ಅದು ತಿನ್ನುವ ಎಲೆಯ ಸಮೇತ ಬರೆಸಿ. 1660ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮಾರಿಯಾ ಸಿಬಿಲ್ಲಾ ಮೆರಿಯನ್ ಎಂಬ ಹದಿಮೂರು ವರ್ಷದ ಹುಡುಗಿ ರೇಷ್ಮೆ ಹುಳು ಸಾಕಿ, ಹಂತ ಹಂತವಾಗಿ ನೋಡಿ ಬರೆಯಲು ಶುರು ಮಾಡಿದಳು. ಕೆಸರಿನಿಂದ, ಕೊಳೆತ ವಸ್ತುವಿನಿಂದ ಹುಳು ಹುಟ್ಟುತ್ತದೆ ಎಂದು ಬಹಳ ಜನ ನಂಬಿದ್ದ ಕಾಲ ಅದು. ಹುಳು, ಕೋಶ, ಪತಂಗ ಎಲ್ಲವನ್ನೂ ಅದರ ಗಿಡದೊಂದಿಗೆ ಒಂದೇ ಹಾಳೆಯಲ್ಲಿ ಬರೆಯುವುದನ್ನು ರೂಢಿಗೆ ತಂದವಳು ಅವಳೇ. ನಮ್ಮ ಮಕ್ಕಳು ಅವಳ ಕತೆ ಕೇಳಿದ ಮೇಲೆ ಎಲೆಯ ನರವನ್ನೂ ಬಿಡದೆ ಬರೆದರು.

ಹಸಿರು ಹುಳುವನ್ನು ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಚಾಚಿ, ಕೊಳೆತ ನಿಂಬೆಯ ವಾಸನೆ ಹೊಡೆಯುತ್ತದೆ. ಅಪಾಯವಿಲ್ಲ. ಒಂದು ಸಲ ತೋರಿಸಿ, ಸಾಕು. ಮತ್ತೆ ಮತ್ತೆ ಕೆಣಕಿದರೆ ಹುಳು ಸೊರಗುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಮುಟ್ಟುವ ಮುಂಚೆಯೂ ತೊಳೆಯಬೇಕು. ಬೆಳಗ್ಗೆ ಕೈಗೆ ಸೊಳ್ಳೆಯ ಮುಲಾಮು ಹಚ್ಚಿಕೊಂಡು ಬರುವ ಮಕ್ಕಳಿರುತ್ತಾರೆ.

ಹದಿನೆಂಟನೆಯ ದಿನದಿಂದ ಹುಳುಗಳು ಒಂದೊಂದಾಗಿ ತಿನ್ನುವುದು ಬಿಟ್ಟು, ನೀರಾಗಿ ಹಿಕ್ಕೆ ಹಾಕಿ ಜಾಡಿಯೆಲ್ಲ ಓಡಾಡತೊಡಗಿದವು. ಭೇದಿಯಾಗಿದೆ ಎಂದು ಹೆದರಬೇಡಿ, ಕೋಶವಾಗುವ ಮುಂಚೆ ಹೊಟ್ಟೆ ಖಾಲಿ ಮಾಡಿಕೊಳ್ಳುವ ಕ್ರಮ ಅದು. ಬಟ್ಟೆ ಸಡಿಲವಿದ್ದರೆ ಈ ಹೊತ್ತಿಗೇ ತಪ್ಪಿಸಿಕೊಳ್ಳುವುದು. ಒಳಗೆ ಒರಟು ಕಡ್ಡಿಯೊಂದನ್ನು ಓರೆಯಾಗಿ ನಿಲ್ಲಿಸಿ. ಹುಳು ಬಾಲದ ತುದಿಯನ್ನು ನೂಲಿನ ಗುಂಡಿಗೆ ಸಿಕ್ಕಿಸಿ, ಬೆನ್ನ ಹಿಂದೆ ಒಂದು ಎಳೆ ಕಟ್ಟಿಕೊಂಡು, ತೆಂಗಿನ ಮರ ಹತ್ತುವವನು ಹಗ್ಗಕ್ಕೆ ಒರಗಿದ ಹಾಗೆ ಒರಗುತ್ತದೆ. ಮರುದಿನ ಬೆನ್ನು ಸೀಳಿ ಚರ್ಮ ಕೆಳಗೆ ಸರಿಯುತ್ತದೆ. ಕೊನೆಗೆ ಬಾಲವನ್ನು ಹಳೆಯ ಚರ್ಮದಿಂದ ಬಿಡಿಸಿ ಮತ್ತೆ ಅದೇ ಗುಂಡಿಗೆ ಸಿಕ್ಕಿಸುತ್ತದೆ. ಆ ಒಂದು ಕ್ಷಣ ಅದನ್ನು ಹಿಡಿದಿರುವುದು ಬೆನ್ನ ಎಳೆಯೊಂದೇ. ಎರಡನೆಯ ಜಾಡಿಯಲ್ಲಿ ಇದು ಮಧ್ಯಾಹ್ನ ಎರಡು ಗಂಟೆಗೆ ನಡೆದು, ಎಂಟು ಮಕ್ಕಳು ಉಸಿರು ಬಿಗಿಹಿಡಿದು ಪೂರ್ತಿ ನೋಡಿದರು. ಅನುಮಾನದ ಹುಡುಗಿ ಅದರಲ್ಲಿ ಒಬ್ಬಳು. "ಅದೇ ಹುಳು ತಾನೇ?" ಅಂದಳು. ಹೌದು ಅಂದೆವು. ಅವಳು ತನ್ನ ಸೀಲಿನ ಪಟ್ಟಿಯನ್ನು ನೋಡಿಕೊಂಡಳು.

ಒಳಗೆ ಏನಾಗುತ್ತದೆ ಎಂದು ಕೇಳುತ್ತಾರೆ. ಹುಳುವಿನ ಮೈಯ ಬಹುಭಾಗ ಕರಗಿ, ಅದರಿಂದಲೇ ರೆಕ್ಕೆ, ಉದ್ದ ಕಾಲು, ಹೀರು ನಳಿಗೆ ಕಟ್ಟಿಕೊಳ್ಳುತ್ತದೆ, ಉಸಿರಿನ ಕೊಳವೆಯಂಥವು ಉಳಿದುಕೊಳ್ಳುತ್ತವೆ. ಇಷ್ಟನ್ನು ಮೂರನೇ ತರಗತಿಯವರಿಗೆ ಹೇಳಬಹುದು. ಅಂಗನವಾಡಿಯವರಿಗೆ "ಒಳಗೆ ಕೆಲಸ ನಡೀತಿದೆ" ಸಾಕು.

ಕೋಶ ಉದುರಿದರೆ ಎಸೆಯಬೇಡಿ. ಕಾಗದದ ಪೊಟ್ಟಣ ಮಾಡಿ, ತಲೆ ಮೇಲಾಗಿ ನಿಲ್ಲಿಸಿ, ಪಕ್ಕಕ್ಕೆ ಒರಟು ಬಟ್ಟೆ ಇರಲಿ. ಹೊರಬಂದ ಚಿಟ್ಟೆಗೆ ಹತ್ತಿ ಜೋತುಬೀಳಲು ಹಿಡಿತ ಬೇಕು. ನುಣ್ಣನೆಯ ಪ್ಲಾಸ್ಟಿಕ್ ಗೋಡೆಯ ಮೇಲೆ ಜಾರಿ ಜಾರಿ ಬಿದ್ದರೆ ರೆಕ್ಕೆ ಮುದುಡಿಕೊಂಡೇ ಗಟ್ಟಿಯಾಗುತ್ತದೆ, ಆಮೇಲೆ ಸರಿಪಡಿಸಲಾಗದು. ನಮ್ಮ ಒಂದು ಚಿಟ್ಟೆಗೆ ಹೀಗೇ ಆಯಿತು. ಒಂದು ಚಮಚ ಸಕ್ಕರೆಗೆ ಹತ್ತು ಚಮಚ ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ ಕೊಟ್ಟೆವು; ನಾಲ್ಕು ದಿನ ಬದುಕಿತ್ತು.

ಹೊರಗಿನಿಂದ ದೊಡ್ಡ ಹುಳುವಾಗಿಯೇ ತಂದು ಸೇರಿಸಿದ್ದ ಇನ್ನೊಂದರ ಕೋಶದಿಂದ ಚಿಟ್ಟೆಯ ಬದಲು ಬಿಳಿ ಮರಿಹುಳು ಬಿದ್ದಿತು. ನೊಣವೊಂದು ಹೊರಗೇ ಅದರ ಮೇಲೆ ಮೊಟ್ಟೆ ಇಟ್ಟಿತ್ತು, ಮರಿ ಒಳಹೊಕ್ಕು ತಿಂದು ಬೆಳೆದಿತ್ತು. ರೇಷ್ಮೆಗೆ ಊಜಿ ನೊಣ ಮಾಡುವುದೂ ಇದೇ ಕೆಲಸ, ಅದಕ್ಕೇ ಹುಳು ಮನೆಯ ಕಿಟಕಿಗೆಲ್ಲ ಬಲೆ ಇರುತ್ತದೆ. ಮೊಟ್ಟೆಯಿಂದಲೇ ಜಾಡಿಯೊಳಗೆ ಬೆಳೆದವಕ್ಕೆ ಈ ಕಾಟ ಕಡಿಮೆ.

ಚಿಟ್ಟೆ ಹೊರಬರುವ ಹಿಂದಿನ ಸಂಜೆ ಕೋಶ ಕಪ್ಪಗಾಗಿ, ರೆಕ್ಕೆಯ ಹಳದಿ ಮಚ್ಚೆ ಸಿಪ್ಪೆಯೊಳಗಿಂದ ಕಾಣುತ್ತದೆ. ಕಂಡರೆ ಮರುದಿನ ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ ಬರುವುದು ಬಹುತೇಕ ಖಚಿತ. ನಮ್ಮ ಮೊದಲನೆಯದು 28ನೇ ದಿನ, ಭಾನುವಾರ ಬಂದುಬಿಟ್ಟಿತು; ಯಾವ ಮಗುವೂ ನೋಡಲಿಲ್ಲ. ಆ ಬೇಸರ ಈಗಲೂ ಇದೆ. ಮುಂದಿನವಕ್ಕೆ ಪೋಷಕರಿಗೆ ಹಿಂದಿನ ಸಂಜೆಯೇ ಫೋನ್ ಮಾಡಿ ಆರೂವರೆಗೆ ಕರೆಸಿದೆವು. ಮೊಟ್ಟೆಯಿಂದ ಚಿಟ್ಟೆಯವರೆಗೆ ಈ ಹವೆಯಲ್ಲಿ 28ರಿಂದ 31 ದಿನ, ಹಾಗಾಗಿ ಮೊಟ್ಟೆ ಹುಡುಕುವ ದಿನವನ್ನು ಮಂಗಳವಾರವೋ ಬುಧವಾರವೋ ಇಟ್ಟುಕೊಂಡರೆ ಕೊನೆಯ ದಿನ ರಜೆಗೆ ಬೀಳುವ ಸಾಧ್ಯತೆ ಕಡಿಮೆ.

ಹೊರಬಂದಾಗ ಹೊಟ್ಟೆ ದಪ್ಪ, ರೆಕ್ಕೆ ಒದ್ದೆ ಬಟ್ಟೆಯ ಮುದ್ದೆ. ಸುಮಾರು ಇಪ್ಪತ್ತು ನಿಮಿಷದಲ್ಲಿ ರೆಕ್ಕೆ ಅರಳುತ್ತದೆ, ಒಣಗಿ ಗಟ್ಟಿಯಾಗಲು ಎರಡು ಗಂಟೆ ಬೇಕು. ಹಿಂದಿನಿಂದ ಬಣ್ಣದ ನೀರು ತೊಟ್ಟಿಕ್ಕುತ್ತದೆ. ಅದು ರಕ್ತವಲ್ಲ, ಕೋಶದೊಳಗೆ ಸೇರಿದ್ದ ಕಸ ಎಂದು ಮೊದಲೇ ಹೇಳಿರಿ. ಬಿಸಿಲಿದ್ದಾಗ ಬಿಡಿ, ಮಳೆಯಿದ್ದರೆ ಬಲೆಯೊಳಗೆ ಮರುದಿನದವರೆಗೆ ಇರಲಿ. ನಮ್ಮ ಆರು ಹುಳುಗಳಲ್ಲಿ ಆರೂ ಚಿಟ್ಟೆಯಾದವು, ಐದು ಹಾರಿದವು. ಅದರಲ್ಲೊಂದು ನಿಂಬೆ ಚಿಟ್ಟೆಯಾಗದೆ, ಕಪ್ಪು ರೆಕ್ಕೆಗೆ ಬಿಳಿ ಮಚ್ಚೆಯ ಸಾಲಿದ್ದ ಕಾಮನ್ ಮಾರ್ಮನ್ ಆಗಿತ್ತು. ಅದೂ ಕರಿಬೇವಿನಲ್ಲೇ ಮೊಟ್ಟೆ ಇಡುತ್ತದೆ, ಮರಿಯೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೆ ಮಕ್ಕಳನ್ನು ಕರೆದೊಯ್ಯುವ ಆಸೆಯಿದ್ದರೆ ಇದೆಲ್ಲ ಮುಗಿದ ಮೇಲೆ ಹೋಗಿ. ಆಗ ಅವರು ಹೂವಿಗಿಂತ ಮೊದಲು ಎಲೆಯ ಹಿಂಬದಿ ನೋಡುತ್ತಾರೆ.

ಇಷ್ಟರಲ್ಲಿ ರೇಷ್ಮೆ ಹುಳು ಬಂದಾಗಿತ್ತು. 15ನೇ ದಿನ, ಎರಡನೇ ಜ್ವರ ಎದ್ದ 20 ಚಾಕಿ ಹುಳುಗಳನ್ನು, ಅಂದರೆ ಎಳೆಯ ರೇಷ್ಮೆ ಹುಳುಗಳನ್ನು, ಒಬ್ಬ ರೈತರು ದುಡ್ಡು ತೆಗೆದುಕೊಳ್ಳದೆ ಕೊಟ್ಟರು. "ಒದ್ದೆ ಸೊಪ್ಪು ಮಾತ್ರ ಹಾಕ್ಬೇಡಿ ಮೇಡಂ, ಸಪ್ಪೆ ರೋಗ ಬಂದ್ಬಿಡ್ತದೆ. ಸೊಳ್ಳೆ ಬತ್ತಿ ಹಚ್ಬೇಡಿ" ಅಂದರು. ಊದುಬತ್ತಿ, ತಂಬಾಕು ಮುಟ್ಟಿದ ಕೈ, ಪಕ್ಕದ ಹೊಲದಲ್ಲಿ ಹೊಡೆದ ಔಷಧಿಯ ಗಾಳಿ ಯಾವುದನ್ನೂ ಈ ಹುಳು ತಡೆಯದು. ಒಂದು ಹುಳು ಬದುಕಿಡೀ ತಿನ್ನುವುದು ಸುಮಾರು 20ರಿಂದ 25 ಗ್ರಾಂ ಹಿಪ್ಪುನೇರಳೆ ಸೊಪ್ಪು. ಇಪ್ಪತ್ತಕ್ಕೆ ಅರ್ಧ ಕಿಲೋ. ಅದರಲ್ಲಿ ಬಹುಪಾಲು ಕೊನೆಯ ಏಳು ದಿನಕ್ಕೇ ಬೇಕು. ಮೊದಲ ದಿನಗಳ ಲೆಕ್ಕ ನೋಡಿ ಸೊಪ್ಪು ತಂದರೆ ಕೊನೆಯ ವಾರ ಹುಳು ಉಪವಾಸ ಬೀಳುತ್ತದೆ. ತಟ್ಟೆ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಇರುವೆಗೆ ಬೇರೆ ಉಪಾಯವಿಲ್ಲ. ಭಾನುವಾರಗಳಂದು ಅಡುಗೆ ಅಕ್ಕ ತಮ್ಮ ಮನೆಯಲ್ಲಿಟ್ಟು ಸಾಕಿದರು, ಚಿಕ್ಕಂದಿನಿಂದ ಹುಳು ಮನೆಯಲ್ಲೇ ಬೆಳೆದವರು. ಎರಡು ಹುಳು ಹಾಲು ರೋಗಕ್ಕೆ ಊದಿ ಸತ್ತದ್ದನ್ನು ಮೊದಲು ಗುರುತಿಸಿ ಬೇರೆ ಮಾಡಿದವರೂ ಅವರೇ.

ಕೊನೆಯ ವಾರ ಮಧ್ಯಾಹ್ನ ಸೊಪ್ಪು ಹಾಕಿ ಮಕ್ಕಳನ್ನು ಸುಮ್ಮನೆ ಕೂರಿಸಿ. ಒಣಗಿದ ಎಲೆಯ ಮೇಲೆ ಸಣ್ಣ ಮಳೆ ಹನಿದಂಥ ಸದ್ದು ಕೇಳುತ್ತದೆ.

32ನೇ ದಿನ ಹುಳುಗಳು ಹಣ್ಣಾದವು: ಮೈ ಪಾರದರ್ಶಕ, ಸೊಪ್ಪು ಬೇಡ, ತಲೆ ಎತ್ತಿ ಆಡಿಸುವುದು. ಹುಳು ಗೂಡು ಕಟ್ಟಲು ರೈತರು ಬಳಸುವ ಬಿದಿರಿನ ಚಂದ್ರಂಕಿ ದೊಡ್ಡದು, 18 ಹುಳುವಿಗೆ ಬೇಕಿಲ್ಲ. ಕೋಳಿಮೊಟ್ಟೆಯ ಕಾಗದದ ಟ್ರೇ ಕತ್ತರಿಸಿ, ಗುಳಿಗೊಂದು ಹುಳು ಬಿಟ್ಟೆವು. ಕೆಳಗೆ ಹಳೆ ಪೇಪರ್ ಹಾಸಿ, ನೂಲುವ ಮುಂಚೆ ಮೂತ್ರ ಬಿಡುತ್ತವೆ. ಮೊದಲ ಕೆಲವು ಗಂಟೆ ಗೂಡಿನ ಗೋಡೆ ತೆಳ್ಳಗಿರುತ್ತದೆ. ಹಿಂದಿನಿಂದ ಟಾರ್ಚ್ ಹಿಡಿದರೆ, ಒಳಗೆ ತಲೆ ಎಂಟರ ಅಂಕಿ ಬರೆಯುತ್ತಾ ನೂಲು ಬಿಡುವುದು ಕಾಣುತ್ತದೆ. ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಬಿಳಿ ಗೂಡಿನಲ್ಲಿ ಈ ಒಂದೇ ಎಳೆ ಸಾವಿರ ಮೀಟರ್ ದಾಟಬಲ್ಲದು.

ಪಠ್ಯದಲ್ಲಿ ಕೋಶ, ಗೂಡು ಎರಡೂ ಒಂದೇ ಅನ್ನುವ ಹಾಗೆ ಬರುತ್ತವೆ. ಇಲ್ಲಿ ಬಿಡಿಸಿ ಹೇಳಲು ಅವಕಾಶವಿದೆ. ನೂಲಲು ಶುರು ಮಾಡಿದ ಐದನೆಯ ದಿನ ಗೂಡನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆಮೇಲೆ ದೊಡ್ಡವರೊಬ್ಬರು ಬ್ಲೇಡಿನಿಂದ ಗೂಡಿನ ತುದಿಯನ್ನಷ್ಟೇ ಟೊಪ್ಪಿಯಂತೆ ಕತ್ತರಿಸಬೇಕು. ಅದಕ್ಕಿಂತ ಮೊದಲಾದರೆ ಒಳಗಿನದು ಇನ್ನೂ ಮೆತ್ತಗಿದ್ದು ಗಾಯವಾಗುತ್ತದೆ. ಒಳಗೆ ಕಂದು ಕೋಶ, ಪಕ್ಕದಲ್ಲಿ ಹುಳು ಬಿಚ್ಚಿಟ್ಟ ಸುಕ್ಕು ಚರ್ಮ. ಅಂಗೈಯಲ್ಲಿ ಇಟ್ಟರೆ ಬಾಲ ಕೊಂಕಿಸುತ್ತದೆ. ಗೂಡು ಅಂದರೆ ಹುಳು ಕಟ್ಟಿದ ಮನೆ. ಕೋಶ ಅಂದರೆ ಅದರ ಮೈಯೇ. ನಿಂಬೆ ಚಿಟ್ಟೆಗೆ ಮನೆ ಇರಲಿಲ್ಲ, ಕೋಶ ಬಯಲಲ್ಲೇ ಇತ್ತು. ನಾವು ಎರಡು ಗೂಡು ಕತ್ತರಿಸಿದೆವು. ಎರಡರಿಂದಲೂ ಆಮೇಲೆ ಪತಂಗ ಸರಿಯಾಗಿಯೇ ಬಂತು. ಪತಂಗಗಳೆಲ್ಲ ಗೂಡು ಕಟ್ಟುತ್ತವೆ ಎಂದು ಮಾತ್ರ ಕಲಿಸಬೇಡಿ. ನಂದಿಬಟ್ಟಲು, ಕಣಗಿಲೆ ತಿನ್ನುವ ನೀಲಿ ಕಣ್ಣಿನ ದಪ್ಪ ಹಸಿರು ಹುಳುವೂ ಪತಂಗದ್ದೇ. ಅದು ನೆಲದ ತರಗೆಲೆಯ ನಡುವೆ ಕೋಶವಾಗುತ್ತದೆ.

ನೂಲು ತೆಗೆಯುವುದು ಹೇಗೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನಾವು ಬಾಯಿ ತೆರೆಯುವ ಮುಂಚೆ ನೂಲು ತೆಗೆಯುವ ಕಾರ್ಖಾನೆಯಾದ ಫಿಲೇಚರ್‌ನಲ್ಲಿ ಕೆಲಸ ಮಾಡುವವರ ಮಗ ಹೇಳಿದ: "ಬಿಸಿನೀರಿಗೆ ಹಾಕ್ತಾರೆ. ಒಳಗಿಂದು ಸತ್ತೋಗ್ತದೆ. ಆಮೇಲೆ ನೂಲು ಬರ್ತದೆ." ಕೋಣೆ ನಿಶ್ಶಬ್ದವಾಯಿತು. "ನಮ್ಮದನ್ನೂ ಹಾಕ್ತಾರಾ?" ಎಂದು ಇನ್ನೊಂದು ಮಗು ಕೇಳಿತು. ನಮ್ಮದನ್ನು ಹಾಕುವುದಿಲ್ಲ, ಪತಂಗ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ, ಆಗ ಅದರಿಂದ ಉದ್ದ ನೂಲು ಸಿಗದು, ಅದಕ್ಕೇ ಕುದಿಸುತ್ತಾರೆ ಎಂದು ಹೇಳಿದೆವು. ಆ ಮಗುವಿನ ಮನೆಯ ಅನ್ನ ಅದರಿಂದಲೇ ಬರುತ್ತದೆ. ಅದನ್ನು ಕೆಟ್ಟದ್ದು ಎನ್ನುವ ದನಿ ನಮ್ಮಿಂದ ಬರಬಾರದು, ಸುಳ್ಳೂ ಬರಬಾರದು.

44ನೇ ದಿನ ಬೆಳಗ್ಗೆ ಪತಂಗಗಳು ಬಾಯಿಂದ ನೀರು ಬಿಟ್ಟು ಗೂಡಿನ ತುದಿ ಮೆತ್ತಗೆ ಮಾಡಿಕೊಂಡು ಹೊರಬಂದವು. ಬಿಳಿ ಮೈ, ಬಾಚಣಿಗೆಯಂಥ ಮೀಸೆ. ಚಿಟ್ಟೆಯ ಮೀಸೆಯ ತುದಿಗೆ ಗುಂಡಿಯಿತ್ತು ಎಂದು ಮಕ್ಕಳೇ ಹೋಲಿಸಿದರು. ಹಾರಲಿ ಎಂದು ಕಿಟಕಿ ತೆರೆದು ಕಾದರು. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು ಅದಕ್ಕೆ ಹಾರಾಟ ಹೋಗಿಬಿಟ್ಟಿದೆ, ಬಾಯಿಯಿದ್ದರೂ ಏನನ್ನೂ ತಿನ್ನಲಾಗದು. ಗಂಡು ರೆಕ್ಕೆ ಪಟಪಟಿಸುತ್ತಾ ಸುತ್ತುತ್ತದೆ, ಹೊಟ್ಟೆ ದಪ್ಪವಿರುವ ಹೆಣ್ಣು ಕೂತಲ್ಲೇ ಕೂತಿರುತ್ತದೆ. ಜೋಡಿಯಾದದ್ದನ್ನು ನೋಡಿ ಕೇಳಿದಾಗ "ಗಂಡು ಹೆಣ್ಣು ಜೊತೆಯಾಗಿವೆ, ಇನ್ನು ಹೆಣ್ಣು ಮೊಟ್ಟೆ ಇಡುತ್ತದೆ" ಎಂದೆವು, ಅಷ್ಟಕ್ಕೇ ಸಮಾಧಾನವಾಯಿತು. ಉಬ್ಬಸವಿದ್ದ ಒಂದು ಮಗುವನ್ನು ಆ ದಿನ ದೂರ ಕೂರಿಸಿದೆವು. ರೆಕ್ಕೆಯ ಪುಡಿ ಗಾಳಿಗೆ ಏಳುತ್ತದೆ.

ನಾಲ್ಕು ಗಂಟೆಯ ನಂತರ ಜೋಡಿ ಬಿಡಿಸಿ, ಹೆಣ್ಣನ್ನು ಚೌಕ ಗೆರೆಯ ಲೆಕ್ಕದ ಹಾಳೆಯ ಮೇಲಿಟ್ಟು ಲೋಟ ಮುಚ್ಚಿದೆವು. ಬೆಳಗ್ಗೆ ತೆಗೆದರೆ ಹಾಳೆ ತುಂಬ ಹಳದಿ ಮೊಟ್ಟೆ. ಚೌಕ ಚೌಕವಾಗಿ ಎಣಿಸಿ ಮೂರನೇ ತರಗತಿಯವರು 430 ಎಂದರು. ಎರಡು ದಿನದಲ್ಲಿ ಬೂದು ಬಣ್ಣಕ್ಕೆ ತಿರುಗಿದವು. ಬೈವೋಲ್ಟೈನ್ ಮೊಟ್ಟೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಒಡೆಯುವುದಿಲ್ಲ, ಹಾಗಾಗಿ ಮರಿಗೆ ಕಾಯಬೇಡಿ. ಈ ಮೊಟ್ಟೆಯನ್ನು ಯಾರ ಹುಳು ಮನೆಗೂ ಒಯ್ಯಬೇಡಿ, ಮಕ್ಕಳ ಕೈಗೂ ಕೊಟ್ಟು ಕಳಿಸಬೇಡಿ. ತಾಯಿಗೆ ಗಂಟು ರೋಗವಿದ್ದರೆ ಮೊಟ್ಟೆಗೂ ಬಂದಿರುತ್ತದೆ, ಒಬ್ಬರ ಇಡೀ ಬೆಳೆ ಹೋಗುತ್ತದೆ. ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ರೈತರಿಗೆ ಮೊಟ್ಟೆ ಕೊಡುವುದು ಅದಕ್ಕೇ. ಮಕ್ಕಳಿಗೆ ಹೇಳಿಯೇ ಹಾಳೆಗಳನ್ನು ಸುಟ್ಟೆವು, ಕುದಿನೀರಲ್ಲಿ ಅದ್ದಿ ಒಣಗಿಸಿದ ಒಂದು ಪುಟ್ಟ ತುಂಡನ್ನು ಬಿಟ್ಟು.

ಆ ತುಂಡು ಈಗ ಹಳೆಯ ಪಟದ ಮೇಲಿದೆ. ಪತಂಗಗಳು ಒಂದೊಂದಾಗಿ ಸಾಯುತ್ತಿದ್ದ ದಿನಗಳಲ್ಲಿ ಪಟವನ್ನು ಮತ್ತೆ ಇಳಿಸಿ, ಬಾಣ ಹಿಡಿದು ಓದಿಸಿದೆವು. ನಾಲ್ಕನೆಯ ಬಾಣಕ್ಕೆ ಬಂದಾಗ ಅದೇ ಅನುಮಾನದ ಹುಡುಗಿ ಎದ್ದು, "ಇದು ಆಗೋದಲ್ಲ ಮಿಸ್, ಇಡೋದು" ಅಂದಳು. ಮೂರು ಬಾಣದ ಪಕ್ಕ "ಆಗುತ್ತದೆ", ನಾಲ್ಕನೆಯದರ ಪಕ್ಕ "ಇಡುತ್ತದೆ" ಎಂದು ಬರೆದು, ಆ ಬಾಣವನ್ನು ಅಳಿಸಿ ಚುಕ್ಕಿ ಚುಕ್ಕಿಯಾಗಿ ಮಾಡಿದ್ದಾರೆ. ಮೊಟ್ಟೆಯ ಚಿತ್ರದ ಮೇಲೆ ಆ ಲೆಕ್ಕದ ಹಾಳೆಯ ತುಂಡು, ಕೋಶದ ಪಕ್ಕ ಸುಕ್ಕು ಚರ್ಮ, ತೂತಾದ ಗೂಡು, ಕೆಳಗೆ ಹರಿಯದ ಸೀಲಿನ ಪಟ್ಟಿಗಳು ಸಾಲಾಗಿ ಅಂಟಿವೆ.